ಅತ್ತೆ ನಮ್ಮಿಬ್ಬರನ್ನು ರಿಜಿಸ್ಟರ್ ಮಾಡಿಸಲು ಹೊರಟದ್ದು

ಅತ್ತೆ ಅಂದರೆ ನನ್ನ ಗಂಡನ ತಾಯಿ ಅಂತ ಯಾರೂ ತಿಳಿಯಬಾರದು. ನನಗೆ ಮದುವೆಯೇ ಆಗಿಲ್ಲ. ಅವರು ಇವಳ ಅತ್ತೆ. ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳದೆ 'ಇವರು' ಅಂದುಬಿಡುತ್ತಾರಲ್ಲ, ಹಾಗೆ ನಾನು ಇವಳನ್ನು ಮೊದಲಿನಿಂದಲೂ 'ಇವಳು' ಅಂತಲೇ ಕರೆದು ರೂಢಿ. ಬರೆಯುವಾಗ ಬೇರೆ ಹೆಸರು ಹುಡುಕಲು ನನ್ನಿಂದಾಗದು.

ನಾನು ಭದ್ರಾವತಿಗೆ ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಅಲ್ಲಿಯ ಒಂದು ಶಾಲೆಯ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ. ಹಳೇನಗರದಲ್ಲಿ, ಹೊಳೆಗೆ ಹತ್ತಿರದ ಒಂದು ಹೆಂಚಿನ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯಲ್ಲಿ ಇದ್ದವರು ಇಬ್ಬರೇ, ಅತ್ತೆ ಮತ್ತು ಸೊಸೆ. ಮಾವ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಅಚ್ಚು ಹಾಕುತ್ತಿದ್ದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ಮಗನಿಗೂ ಕಾರ್ಖಾನೆಯಲ್ಲೇ ಕೆಲಸ. ಮದುವೆಯಾದ ಎರಡನೇ ವರ್ಷಕ್ಕೆ ಕಾಮಾಲೆ ಆಗಿ ಹೋಗಿಬಿಟ್ಟ. ಅನುಕಂಪದ ಆಧಾರದ ಮೇಲೆ ಇವಳಿಗೆ ಅಲ್ಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಕೊಟ್ಟರು. ಸೊಸೆಯನ್ನು ತವರಿಗೆ ಕರೆದುಕೊಂಡು ಹೋಗಲು ಬಂದವರಿಗೆ ಅತ್ತೆ, "ಕರ್ಕೊಂಡು ಹೋಗಿ. ಆದ್ರೆ ನಾನು ಯಾರ ಜೊತೆ ಜಗಳ ಆಡ್ಲಿ ಅಂತ ಹೇಳಿ ಹೋಗಿ" ಅಂದರಂತೆ. ಇವಳು ಹೋಗಲಿಲ್ಲ.

ಎಕ್ಸ್‌ಚೇಂಜಿನ ಪಾಳಿ ಮುಗಿಸಿ ಮನೆಗೆ ಬಂದರೆ ಇವಳು ಒಂದು ಗಂಟೆ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಇಡೀ ಪಾಳಿ 'ಹಲೋ, ಯಾರು ಬೇಕಿತ್ತು' ಅಂದು ಅಂದು ಬಾಯಿ ಸೋತಿರುತ್ತಿತ್ತು. ಮೆಟ್ಟಿಲ ಮೇಲೆ ಕೂತು ಸುಮ್ಮನೆ ಕಾಫಿ ಕುಡಿಯುವಳು. ನಾನೂ ಅಲ್ಲೇ ಕೂತಿರುತ್ತಿದ್ದೆ. ಇಬ್ಬರು ಮಾತಾಡದೆ ಕೂರುವುದು ಇಷ್ಟು ಹಿತವಾಗಿರುತ್ತದೆ ಅಂತ ನನಗೆ ಅದಕ್ಕೆ ಮುಂಚೆ ಗೊತ್ತಿರಲಿಲ್ಲ.

ಒಂದು ಬೇಸಗೆಯಲ್ಲಿ ನನಗೆ ಮೈಮೇಲೆ ಅಮ್ಮ ಎದ್ದಿತು. ಹಿಂದಿನ ಕೋಣೆಯಲ್ಲಿ ಗಾಳಿ ಕಮ್ಮಿ ಅಂತ ಅತ್ತೆಯೇ ನನ್ನನ್ನು ನಡುಮನೆಗೆ ತಂದು ಮಲಗಿಸಿದರು. ಇವಳು ರಜೆ ಹಾಕಿ ಬೇವಿನ ಸೊಪ್ಪು ಹಿಡಿದು ಪಕ್ಕದಲ್ಲಿ ಕೂತಳು. ನಮ್ಮಿಬ್ಬರ ನಡುವೆ ಇದ್ದದ್ದು ಏನು ಅಂತ ಆ ದಿನಗಳಲ್ಲಿ ನಮಗಿಬ್ಬರಿಗೂ ಸ್ಪಷ್ಟವಾಯಿತು. ಅದನ್ನು ಇಲ್ಲಿ ಹೆಚ್ಚು ಬಿಡಿಸಿ ಹೇಳುವುದಿಲ್ಲ. ವಾಸಿಯಾದ ಮೇಲೆ ಹಿಂದಿನ ಕೋಣೆಗೆ ವಾಪಸು ಹೋಗು ಅಂತ ಯಾರೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಹದಿನೈದು ದಿನ ನೋಡಿ ಅತ್ತೆ ಆ ಕೋಣೆಗೆ ಸೌದೆ ತುಂಬಿಸಿದರು. ಆಮೇಲೆ ಬಾಡಿಗೆಯನ್ನೂ ತೆಗೆದುಕೊಳ್ಳಲಿಲ್ಲ. ಇವಳ ಬಾಯಿಂದ ಬರುತ್ತಿದ್ದ ಹಾಗೆ ನನ್ನ ಬಾಯಿಂದಲೂ 'ಅತ್ತೆ' ಅಂತ ಬರತೊಡಗಿತು.

ಮುಂದೆ ನನಗೆ ನವುಲೆಯ ಕೃಷಿ ಕಾಲೇಜಿನಲ್ಲಿ ಮಣ್ಣು ಪರೀಕ್ಷೆಯ ವಿಭಾಗದಲ್ಲಿ ಕೆಲಸ ಸಿಕ್ಕಿತು. ಎಲ್ಲರೂ ಶಿವಮೊಗ್ಗದಲ್ಲಿ ಮನೆ ಮಾಡು ಅಂದರು. ಸೋಗಾನೆಯಲ್ಲಿದ್ದ ನನ್ನ ಅಣ್ಣ ಅಲ್ಲಿಯ ಗೋಪಾಳ ಬಡಾವಣೆಯ ಕಡೆ ಒಂದು ರೂಮನ್ನೂ ನೋಡಿಟ್ಟ, ಜೊತೆಗೆ ಒಬ್ಬ ಗಂಡನ್ನೂ ನೋಡಿಟ್ಟಿದ್ದ. ಎರಡೂ ಬೇಡ ಅಂದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಒಂದು ಬಸ್ಸು, ಅಲ್ಲಿಂದ ನವುಲೆಗೆ ಇನ್ನೊಂದು, ಸಂಜೆ ಅದೇ ದಾರಿಯಲ್ಲಿ ವಾಪಸು. ಕೇಳಿದವರಿಗೆ, "ಶಿವಮೊಗ್ಗದಲ್ಲಿ ಬಾಡಿಗೆ ಜಾಸ್ತಿ" ಅನ್ನುತ್ತಿದ್ದೆ.

ಅತ್ತೆಯ ಕಣ್ಣಿಗೆ ಪೊರೆ ಬರತೊಡಗಿದ ಮೇಲೆ ಸಂಜೆ ಜಗಲಿಯಲ್ಲಿ ಕೂತು ನಾನು ಅವರಿಗೆ ಪೇಪರ್ ಓದಿ ಹೇಳುತ್ತಿದ್ದೆ. ಅವರಿಗೆ ಎಲ್ಲ ಬೇಕು. ಹೊಳೆಯ ನೀರಿನ ಮಟ್ಟ, ಅಡಿಕೆ ಧಾರಣೆ, ಯಾರೋ ಮಂತ್ರಿ ರಾಜೀನಾಮೆ ಕೊಟ್ಟದ್ದು. ಅಡಿಕೆ ಮರ ಒಂದೂ ಇಲ್ಲದವರಿಗೆ ಧಾರಣೆ ಯಾಕೆ ಅಂತ ಕೇಳಿದರೆ, "ಕೇಳ್ಕೊಂಡ್ರೆ ತಪ್ಪೇನು, ಕೇಳೋದಕ್ಕೇನು ಕಾಸು ಕೊಡ್ಬೇಕಾ" ಅನ್ನುವರು. ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾದಾಗ, ಒಂದು ಸಂಜೆ, ವಿದೇಶದ ಪುಟದಲ್ಲಿ ಒಂದು ಸಣ್ಣ ಸುದ್ದಿ ಇತ್ತು. ಯಾವುದೋ ದೇಶದಲ್ಲಿ ಇಬ್ಬರು ಹೆಂಗಸರು ಸರ್ಕಾರಿ ಕಚೇರಿಗೆ ಹೋಗಿ ತಮ್ಮ ಒಡನಾಟವನ್ನು ನೋಂದಣಿ ಮಾಡಿಸಿಕೊಂಡಿದ್ದರು, ಅಲ್ಲಿಯ ಕಾನೂನಿನ ಪ್ರಕಾರ ಅವರು ಇನ್ನು ಮೇಲೆ ಒಂದು ಸಂಸಾರ. ಕಣ್ಣು ಅದನ್ನು ದಾಟಿಸಬೇಕು ಅನ್ನುವಷ್ಟರಲ್ಲಿ ಬಾಯಿ ಅರ್ಧ ಓದಿಬಿಟ್ಟಿತ್ತು. ನಿಲ್ಲಿಸಿದರೆ ಇನ್ನೂ ಕಷ್ಟ ಅಂತ ಪೂರ್ತಿ ಓದಿದೆ.

"ಇನ್ನೊಂದ್ಸಲ ಓದು" ಅಂದರು ಅತ್ತೆ.

ಓದಿದೆ.

"ಅವರ ಮನೆ ಯಾರ ಹೆಸರಲ್ಲಿದೆಯಂತೆ?"

"ಅದನ್ನ ಬರೆದಿಲ್ಲ ಅತ್ತೆ."

"ಮುಖ್ಯವಾದದ್ದನ್ನೇ ಬರೆಯಲ್ಲ ಇವ್ರು. ಹೂಂ, ಮುಂದೆ ಓದು."

ನಾನು ಅಡಿಕೆ ಧಾರಣೆಗೆ ಹೋದೆ. ಅಂಗೈ ಬೆವರಿ ಪೇಪರಿನ ಮಸಿ ಬೆರಳಿಗೆ ಹತ್ತಿತ್ತು.

ಒಂದು ವಾರ ಏನೂ ಇಲ್ಲ. ಆಮೇಲೆ ಒಂದು ಭಾನುವಾರ, ಇವಳು ಈಳಿಗೆಮಣೆಯ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಳು, ನಾನು ತೆಂಗಿನಕಾಯಿ ಸುಲಿಯುತ್ತಿದ್ದೆ. ಅತ್ತೆ ಬಾಗಿಲ ಹತ್ತಿರ ಗೋಡೆಗೊರಗಿ ಕೂತವರು ಕೇಳಿದರು. "ಶಿವಮೊಗ್ಗದಲ್ಲಿ ಆ ಆಫೀಸು ಎಲ್ಲಿದೆ?"

"ಯಾವ ಆಫೀಸು ಅತ್ತೆ?" ಅಂದಳು ಇವಳು.

"ಪೇಪರಲ್ಲಿ ಬಂದಿತ್ತಲ್ಲ, ಇಬ್ಬರು ಹೆಂಗಸರು ಹೋಗಿ ಬರೆಸ್ಕೊಂಡಿದ್ದು. ಅಂಥದ್ದು."

ಇವಳ ಕೈ ನಿಂತಿತು. ನನ್ನ ಕಡೆ ನೋಡಿದಳು, ನಾನು ತೆಂಗಿನಕಾಯಿ ನೋಡಿದೆ.

"ಅದು ಫಾರಿನ್ನಲ್ಲಿ ಅತ್ತೆ. ನಮ್ಮಲ್ಲಿ ಇಲ್ಲ."

"ಗ್ಯಾಸ್ ಒಲೇನೂ ಇರಲಿಲ್ಲ, ಬರಲಿಲ್ವಾ? ಕೇಳೋದ್ರಲ್ಲಿ ಏನು ಹೋಗುತ್ತೆ."

"ಅತ್ತೆ, ನೀವು ಏನು ಅಂದ್ಕೊಂಡಿದೀರೋ..." ಅಂತ ನಾನು ಶುರುಮಾಡಿದೆ. ಅವರು ಮುಗಿಸಲು ಬಿಡಲಿಲ್ಲ.

"ಬಾಡಿಗೆ ಜಾಸ್ತಿ ಅಂತ ಯಾರೂ ದಿನಾ ನಾಲ್ಕು ಬಸ್ ಹತ್ತಿ ಇಳಿಯಲ್ಲ ಕಣೇ ಹುಡುಗಿ. ನನಗೆ ಕಣ್ಣಿಗೆ ಪೊರೆ ಬಂದಿದೆ, ಬುದ್ಧಿಗೆ ಬಂದಿಲ್ಲ. ನೀನು ಸೌದೆ ಕೋಣೆಗೆ ಬಾಡಿಗೆ ಕೊಡ್ತೀನಿ ಅಂತ ಬಂದಾಗ ಬೇಡ ಅಂದೆನಲ್ಲ, ಆವತ್ತೇ ಮುಗೀತು ಆ ಮಾತು."

ಇವಳು ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲು ಬರುತ್ತಿರಲಿಲ್ಲ. ಅತ್ತೆ, "ಹುರುಳಿಕಾಯಿ ಹೆಚ್ಚು, ಹೊತ್ತಾಯ್ತು" ಅಂದರು. ಹನ್ನೆರಡು ಹದಿಮೂರು ವರ್ಷ ನಾವು ಉಸಿರು ಹಿಡಿದು ಕಾಪಾಡಿಕೊಂಡು ಬಂದ ಗುಟ್ಟು ಅವರ ಲೆಕ್ಕದಲ್ಲಿ ಗುಟ್ಟೇ ಆಗಿರಲಿಲ್ಲ.

ನಾನು ಬೇಡ ಅಂತ ಒಂದು ತಿಂಗಳು ತಡೆದೆ. ಕೆಲಸ ಹೋದರೆ, ಊರವರು ಅಂದರೆ, ಅಣ್ಣನಿಗೆ ಗೊತ್ತಾದರೆ. ಆಗ ಇವಳು ಹೇಳಿದಳು, "ಅವರ ವಯಸ್ಸಿಗೆ ಅವರಿಗೆ ನಾಚಿಕೆ ಇಲ್ಲ. ನಾವು ಅವರನ್ನ ಒಬ್ಬರನ್ನೇ ಕಳಿಸೋಕಾಗುತ್ತಾ?" ಮರುದಿನ ಕಾಲೇಜಿನಲ್ಲಿ ಒಂದು ದಿನದ ರಜೆ ಕೇಳಿದೆ. ಭದ್ರಾವತಿಯಲ್ಲೂ ನೋಂದಣಿ ಕಚೇರಿ ಇದೆ. ಆದರೆ ಅತ್ತೆ ಒಪ್ಪಲಿಲ್ಲ. ದೊಡ್ಡ ಊರಿನ ಆಫೀಸಿನಲ್ಲಿ ದೊಡ್ಡ ಪುಸ್ತಕ ಇರುತ್ತದೆ ಅನ್ನುವುದು ಅವರ ನಂಬಿಕೆ.

ಒಂದು ಬೆಳಿಗ್ಗೆ ಮೂವರೂ ಖಾಸಗಿ ಬಸ್ಸು ಹತ್ತಿದೆವು. ಅತ್ತೆ ಪೂಜೆ ಮುಗಿಸಿ, ಹಣೆಗೆ ಅಗಲವಾಗಿ ವಿಭೂತಿ ಹಚ್ಚಿ, ಮದುವೆಮನೆಗೆ ಉಡುವ ಇಳಕಲ್ ಸೀರೆ ಉಟ್ಟಿದ್ದರು. ಇವಳು ಕಿಟಕಿಯ ಹತ್ತಿರ ಕೂತು ಹಬ್ಬಕ್ಕೆ ಹೊರಟವಳ ಹಾಗೆ ಹೊರಗೆ ನೋಡುತ್ತಿದ್ದಳು. ನಾನು ಮಾತ್ರ ಬಸ್ಸಿನಲ್ಲಿ ಪರಿಚಯದವರು ಯಾರಾದರೂ ಇದ್ದಾರಾ ಅಂತ ತಿರುತಿರುಗಿ ನೋಡುತ್ತಿದ್ದೆ.

ಕಚೇರಿಯ ತುಂಬ ಜನ. ಸೈಟಿನವರು, ಸಾಲದವರು, ಪಾಲಾಗಲು ಬಂದ ಅಣ್ಣತಮ್ಮಂದಿರು. ಅತ್ತೆ ಕೈಯಲ್ಲಿದ್ದ ಚೀಲವನ್ನು ನನಗೆ ಕೊಟ್ಟು ಗುಮಾಸ್ತನ ಮೇಜಿನ ಮುಂದೆ ನಿಂತರು.

"ಇವರಿಬ್ಬರದು ರಿಜಿಸ್ಟರ್ ಮಾಡಿಸ್ಬೇಕಪ್ಪ."

"ಏನು ಅಜ್ಜಿ, ಸೈಟಾ, ಜಮೀನಾ?" ಅಂದ ಆತ, ತಲೆ ಎತ್ತದೆ.

"ಎರಡೂ ಅಲ್ಲ. ಇವರನ್ನೇ."

ಆತ ತಲೆ ಎತ್ತಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಕ್ಕುಬಿಟ್ಟ. ಪಕ್ಕದ ಮೇಜಿನವನಿಗೂ ಹೇಳಿದ. ಸಾಲಿನಲ್ಲಿ ನಿಂತಿದ್ದವರು ತಿರುಗಿ ನೋಡಿದರು. ನಾನು ಅತ್ತೆಯ ತೋಳು ಹಿಡಿದು, "ಬನ್ನಿ ಹೋಗೋಣ" ಅಂದೆ.

ಆಗ ಇವಳು ಮುಂದೆ ಬಂದಳು. ದಿನಕ್ಕೆ ನೂರಾರು ಜನರ ಜೊತೆ ತಂತಿಯ ಮೇಲೆ ಮಾತಾಡಿದ ದನಿ ಅದು. ಏರಲಿಲ್ಲ, ಇಳಿಯಲೂ ಇಲ್ಲ. "ಸರ್, ನಾವು ಜೊತೆಯಾಗಿ ಸಂಸಾರ ಮಾಡ್ತಿದೀವಿ. ಇವರು ನಮ್ಮತ್ತೆ. ಅದಕ್ಕೆ ಕಾನೂನಲ್ಲಿ ಏನಾದ್ರೂ ದಾರಿ ಇದೆಯಾ ಅಂತ ಕೇಳೋಕೆ ಬಂದಿದೀವಿ. ಇದ್ರೆ ಇದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ. ನಗೋದು ಬೇಡ."

ಅಷ್ಟೆ. ಗುಮಾಸ್ತ ನಗು ನಿಲ್ಲಿಸಿದ. ನಾನು ಇವಳನ್ನು ಅಷ್ಟು ವರ್ಷದಿಂದ ಬಲ್ಲೆ, ಆದರೂ ಯಾರೋ ಹೊಸಬಳನ್ನು ನೋಡಿದ ಹಾಗೆ ನೋಡುತ್ತ ನಿಂತೆ. 'ಜೊತೆಯಾಗಿ ಸಂಸಾರ ಮಾಡ್ತಿದೀವಿ' ಅನ್ನುವ ಮಾತನ್ನು ಅವಳು ನನ್ನ ಹತ್ತಿರವೂ ಯಾವತ್ತೂ ಆಡಿದವಳಲ್ಲ.

ಒಳಗಿನ ಕೋಣೆಯಿಂದ ಸಾಹೇಬರು ಅದನ್ನು ಕೇಳಿಸಿಕೊಂಡಿದ್ದರು. ನಿವೃತ್ತಿಗೆ ಹತ್ತಿರದ ವಯಸ್ಸಿನವರು. "ಆ ಅಜ್ಜಿಯನ್ನ ಒಳಗೆ ಕಳಿಸಿ" ಅಂದರು. ಹೋದೆವು. ಮೂರು ಕುರ್ಚಿ ಇರಲಿಲ್ಲ, ಒಂದನ್ನು ಹೊರಗಿಂದ ತರಿಸಿದರು. ಅದನ್ನು ನಾನು ಈಗಲೂ ನೆನೆಯುತ್ತೇನೆ. ಅತ್ತೆ ವಿಷಯವನ್ನೆಲ್ಲ ಮೊದಲಿಂದ ಹೇಳಿದರು, ಪೇಪರಿನ ಸುದ್ದಿಯನ್ನೂ ಸೇರಿಸಿ.

"ಅಂಥ ಕಾನೂನು ನಮ್ಮ ದೇಶದಲ್ಲಿ ಇಲ್ಲ ಅಜ್ಜಿ."

"ಯಾವಾಗ ಬರುತ್ತೆ?"

"ಅದನ್ನ ನಾನು ಹೇಳೋಕಾಗಲ್ಲ."

"ನಾನಿರೋದ್ರೊಳಗೆ ಬರುತ್ತಾ?"

ಅವರು ಸುಳ್ಳು ಹೇಳಲಿಲ್ಲ. "ಬರೋ ಹಾಗೆ ಕಾಣ್ಸಲ್ಲ" ಅಂದರು.

"ಹಾಗಾದ್ರೆ ನಿಮ್ಮ ಹತ್ರ ಏನೇನು ರಿಜಿಸ್ಟರ್ ಮಾಡ್ತಾರೆ ಅಂತಾದ್ರೂ ಹೇಳಿ. ಇರೋದ್ರಲ್ಲಿ ಆರಿಸ್ಕೊಳ್ಳೋಣ." ಸೀರೆ ಅಂಗಡಿಯಲ್ಲಿ ಕೂತವರ ಹಾಗೆ ಕೇಳಿದರು. ಸಾಹೇಬರು ಹೇಳುತ್ತ ಹೋದರು. ಕ್ರಯಪತ್ರ, ವಿಭಾಗಪತ್ರ, ಮರಣಶಾಸನ, ದತ್ತು. ದತ್ತು ಅಂದ ಕೂಡಲೇ ಅತ್ತೆ ತಡೆದರು. "ಅದೇ ಆಗಲಿ. ಈ ಹುಡುಗೀನ ನಾನು ದತ್ತು ತಗೋತೀನಿ." ನನಗೆ ಆಗ ನಲವತ್ತರ ಹತ್ತಿರ. ದತ್ತು ಬರುವ ಮಗುವಿಗೆ ಹದಿನೈದು ದಾಟಿರಬಾರದು ಅಂತ ಸಾಹೇಬರು ನಗದೆ, ನಿಧಾನವಾಗಿ ವಿವರಿಸಿದರು.

"ಮನೆ ಯಾರ ಹೆಸರಲ್ಲಿದೆ?" ಅಂತ ಆಮೇಲೆ ಕೇಳಿದರು.

"ನನ್ನದು" ಅಂದರು ಅತ್ತೆ. ಆ ಒಂದು ಪದವನ್ನು ಹೇಳುವಾಗ ಬೆನ್ನು ನೆಟ್ಟಗೆ ಮಾಡಿಕೊಂಡರು.

ಹಾಗಿದ್ದರೆ ದಾನಪತ್ರ ಮಾಡಬಹುದು ಅಂದರು ಸಾಹೇಬರು. ಮನೆಯನ್ನು ಇಬ್ಬರ ಹೆಸರಿಗೂ ಸಮನಾಗಿ, ಜಂಟಿಯಾಗಿ ಕೊಡುವುದು. ತಾವು ಬದುಕಿರುವವರೆಗೂ ಅಲ್ಲೇ ವಾಸ ಮಾಡುವ ಹಕ್ಕು ಇಟ್ಟುಕೊಳ್ಳುವುದು. "ಇವರೇನು ನನ್ನನ್ನ ಆಚೆ ಹಾಕ್ತಾರಾ?" ಅಂತ ಅತ್ತೆ ಗದರಿಸಿದಾಗ, "ಇಲ್ಲಿ ಬರೋರೆಲ್ಲ ಹಾಗೇ ಹೇಳ್ತಾರೆ ಅಜ್ಜಿ. ಆದ್ರೂ ಬರೆಸಿ" ಅಂದರು. ನಾವಿಬ್ಬರೂ ಒಬ್ಬರಿಗೊಬ್ಬರು ಮರಣಶಾಸನ ಬರೆದಿಡಬೇಕು, ಬ್ಯಾಂಕಿನಲ್ಲಿ ನಾಮಿನಿ ಮಾಡಬೇಕು ಅಂತಲೂ ಹೇಳಿದರು. ಕೊನೆಗೆ, ಮನೆ ಭದ್ರಾವತಿಯಲ್ಲಿ ಇರುವುದರಿಂದ ನೋಂದಣಿ ಅಲ್ಲೇ ಆಗಬೇಕು ಅಂದರು.

ಅಲ್ಲೇ, ಅಂದರೆ ನಮ್ಮನ್ನು ಬಲ್ಲವರ ಎದುರಿಗೆ. ನನ್ನ ಮುಖ ನೋಡಿ ಸಾಹೇಬರಿಗೆ ಅರ್ಥವಾಗಿರಬೇಕು. "ನೀವೇನೂ ಕದ್ದಿಲ್ಲವಲ್ಲಮ್ಮ" ಅಂದರು. ನಾವು ಹೊರಡುವಾಗ ಎದ್ದು ನಿಂತು ಅತ್ತೆಗೆ ಕೈ ಮುಗಿದರು.

ದಾನಪತ್ರಕ್ಕೆ ಇಬ್ಬರು ಸಾಕ್ಷಿ ಬೇಕು. ನಮ್ಮ ಎದುರು ಮನೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ತಮಿಳು ದಂಪತಿ ಇದ್ದರು. ಆತ ಕಾರ್ಖಾನೆಯಿಂದ ನಿವೃತ್ತ. ಆಕೆಯ ಕೈ ಯಾವಾಗಲೂ ಮೊಣಕೈವರೆಗೆ ಹಿಟ್ಟು. ಯಾವ ಮಾತಿನಿಂದ ಶುರುಮಾಡಬೇಕು ಅಂತ ನಾವು ಯೋಚಿಸುತ್ತಿರುವಾಗಲೇ ಅತ್ತೆ ರಾಗಿ ಡಬ್ಬ ಹಿಡಿದು ಹೋಗಿ ಹೇಳಿ ಬಂದಿದ್ದರು. ಸಂಜೆ ಆಕೆ ಹಿಟ್ಟು ಕೊಡಲು ಬಂದವಳು ನನ್ನನ್ನೂ ಇವಳನ್ನೂ ನೋಡಿ, "ಎಲ್ಲಿ ಸೈ ಹಾಕ್ಬೇಕು ಹೇಳು, ಬರ್ತೀವಿ. ಇಷ್ಟು ದಿನ ಬೇಕಾಯ್ತಾ ನಿಮಗೆ?" ಅಂದಳು. ಮತ್ತೇನೂ ಕೇಳಲಿಲ್ಲ. ಆಕೆ ತಮಿಳಿನಲ್ಲಿ, ಒಂದೊಂದೇ ಅಕ್ಷರವನ್ನು ಕೂರಿಸಿ ಸಹಿ ಹಾಕಿದ್ದು ಆ ಪತ್ರದಲ್ಲಿದೆ.

ಭದ್ರಾವತಿಯ ಪತ್ರ ಬರಹಗಾರರ ಹತ್ತಿರ ಮಾತ್ರ ಒಂದು ತೊಡಕಾಯಿತು. ಅವರು ಅತ್ತೆಗೆ ಹಳೆಯ ಪರಿಚಯ. ದಾನ ಪಡೆಯುವವರು ದಾನ ಕೊಡುವವರಿಗೆ ಏನಾಗಬೇಕು ಅಂತ ಬರೆಯಬೇಕಿತ್ತು. ಇವಳ ಹೆಸರಿನ ಮುಂದೆ ಸೊಸೆ ಅಂತ ಬರೆದರು. ನನ್ನ ಹೆಸರಿಗೆ ಬಂದು ಪೆನ್ನು ನಿಲ್ಲಿಸಿದರು. "ಇವರು ಏನಾಗಬೇಕು ಅಮ್ಮಾ? ಬಾಡಿಗೆಯವರು ಅಂತ ಹಾಕಲಾ?"

"ಸೊಸೆ ಅಂತ ಹಾಕು."

"ನಿಮಗೆ ಇದ್ದದ್ದು ಒಬ್ಬನೇ ಮಗ ಅಲ್ವಾ?"

"ಮಗ ಒಬ್ಬನೇ. ಸೊಸೆಯರು ಇಬ್ಬರು."

ಬರಹಗಾರರು ಕನ್ನಡಕ ತೆಗೆದರು. "ಅಲ್ಲಮ್ಮಾ, ಹಾಗೆ ಬರೆದ್ರೆ ನಿಮ್ಮ ಮಗನಿಗೆ ಎರಡು ಮದುವೆ ಅಂತಾಗುತ್ತೆ. ತೀರಿಕೊಂಡವನ ಮೇಲೆ ಯಾಕೆ ಅಪವಾದ?"

ಅತ್ತೆ ಯೋಚಿಸಿದರು. ಆಮೇಲೆ ಹೇಳಿದರು. "ಬರ್ಕೋ. 'ನನ್ನ ಸೊಸೆಯ ಬಾಳಿನ ಜೊತೆಗಾರ್ತಿ, ನನ್ನ ಮನೆಯವಳು.' ಇದ್ದದ್ದು ಅದೇ. ಅದರಲ್ಲಿ ಯಾರ ಮೇಲೂ ಅಪವಾದ ಇಲ್ಲ."

ಬರಹಗಾರರು ನನ್ನ ಕಡೆ ನೋಡಲಿಲ್ಲ, ಇವಳ ಕಡೆಯೂ ನೋಡಲಿಲ್ಲ. ಕನ್ನಡಕ ಹಾಕಿಕೊಂಡು, ಅಕ್ಷರ ಅಕ್ಷರ ಹಾಗೇ ಬರೆದರು.

ನೋಂದಣಿಯ ದಿನ ಗಲಾಟೆ ಏನೂ ಆಗಲಿಲ್ಲ. ಕಚೇರಿಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಒಬ್ಬೊಬ್ಬರನ್ನೇ ಕೂರಿಸಿ ಫೋಟೊ ತೆಗೆದರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಇವಳ ಎಕ್ಸ್‌ಚೇಂಜಿನಲ್ಲಿದ್ದ ಒಬ್ಬರ ತಮ್ಮ ಅಲ್ಲಿ ಕೆಲಸದಲ್ಲಿದ್ದ. ಪತ್ರ ಓದಿದ, ಆ ಸಾಲಿನ ಹತ್ತಿರ ಅವನ ಬೆರಳು ನಿಂತದ್ದು ನೋಡಿದೆ. ಆಮೇಲೆ, "ಅಕ್ಕ, ನೇರ ಕ್ಯಾಮೆರಾ ನೋಡಿ" ಅಂದ, ಅಷ್ಟೆ. ನಾನು ಅದುವರೆಗೆ ಊರನ್ನು ಅದು ಇದ್ದದ್ದಕ್ಕಿಂತ ದೊಡ್ಡ ಗುಮ್ಮ ಮಾಡಿ ಇಟ್ಟುಕೊಂಡಿದ್ದೆ ಅನ್ನಿಸಿತು. ಹಾಗಂತ ಆಮೇಲೆ ಯಾರೂ ಏನೂ ಅನ್ನಲಿಲ್ಲ ಅಂತಲ್ಲ. ಇಬ್ಬರು ಮೂವರು ಹಬ್ಬದ ಊಟಕ್ಕೆ ಕರೆಯುವುದು ಬಿಟ್ಟರು. ಸೋಗಾನೆಯ ಅಣ್ಣ ಎರಡು ವರ್ಷ ಮಾತು ಬಿಟ್ಟ. ಆಮೇಲೆ ತಾನೇ ಬಂದು ಜಗಲಿಯಲ್ಲಿ ಕೂತು ಕಾಫಿ ಕೇಳಿದ.

ನೋಂದಣಿ ಮುಗಿಸಿ ಹೋಟೆಲಿಗೆ ಹೋದೆವು. ಅತ್ತೆ ಮಸಾಲೆ ದೋಸೆ ತಿನ್ನುತ್ತ, ಕೇಳದೆಯೇ ಒಂದು ವಿಷಯ ಹೇಳಿದರು. ಅವರ ತಾಯಿ ವಿಧವೆಯಾದ ಮೇಲೆ ಸಾಯುವವರೆಗೂ ಭಾವಂದಿರ ಮನೆಯ ಅಡುಗೆಮನೆಯ ಮೂಲೆಯಲ್ಲಿ ಇದ್ದರಂತೆ. ಆ ಕಾರಣಕ್ಕೆ, ಮಾವ ಮನೆ ಕೊಳ್ಳುವಾಗ ಇವರು ಹಟ ಹಿಡಿದು ತಮ್ಮ ಹೆಸರಿಗೇ ಬರೆಸಿಕೊಂಡರಂತೆ. "ಆವಾಗ ನಿಮ್ಮ ಮಾವನ ಜೊತೆ ಕೆಲಸ ಮಾಡೋರೆಲ್ಲ ನಕ್ಕಿದ್ರು. ಅವರು ಮಾತ್ರ, 'ಇರಲಿ ಬಿಡಿ, ಮನೇಲಿ ಇರೋಳು ಅವಳೇ ತಾನೆ' ಅಂದ್ರು" ಅಂದರು. ಮಾವನ ಬಗ್ಗೆ ಅವರು ಅಷ್ಟು ಅಭಿಮಾನದಿಂದ ಮಾತಾಡಿದ್ದನ್ನು ನಾವು ಕೇಳಿದ್ದು ಅದೇ ಮೊದಲು.

ಅದಾದ ಮೇಲೆ ಅತ್ತೆ ನಾಲ್ಕು ವರ್ಷ ಇದ್ದರು. ಇವಳು ಸ್ವಯಂ ನಿವೃತ್ತಿ ತೆಗೆದುಕೊಂಡು ಅವರ ಜೊತೆ ಹಗಲೆಲ್ಲ ಜಗಳವಾಡಿಕೊಂಡು ಇದ್ದಳು. ಕೊನೆಯ ತಿಂಗಳುಗಳಲ್ಲಿ ಅತ್ತೆಗೆ ಎದ್ದು ಓಡಾಡಲು ಆಗುತ್ತಿರಲಿಲ್ಲ. ಸ್ನಾನ ಮಾಡಿಸಲು ನಾನು, ತಲೆ ಬಾಚಲು ಇವಳು, ಅಂತ ಅವರೇ ಹಂಚಿದ್ದರು, ಅದಲುಬದಲಾದರೆ ಒಪ್ಪುತ್ತಿರಲಿಲ್ಲ. ಒಂದು ಬೆಳಗಿನ ಜಾವ ನಿದ್ದೆಯಲ್ಲೇ ಹೋದರು.

ಅತ್ತೆಯ ಮೈದುನನ ಮಗ ಚನ್ನಗಿರಿಯ ಕಡೆಯಿಂದ ಹೆಂಡತಿಯನ್ನು ಕರೆದುಕೊಂಡು ಬಂದ. ಮಣ್ಣು ಮಾಡಿ ಬಂದ ಮೇಲೆ, ಎಲ್ಲರೂ ಊಟಕ್ಕೆ ಕೂತಾಗ, ಮನೆ ಏನು ಮಾಡುತ್ತೀರಿ ಅಂತ ಕೇಳಿದ. ಇವಳು ಒಳಗಿಂದ ಪತ್ರ ತಂದು ಕೊಟ್ಟಳು. ಆತ ಎಲೆ ಪಕ್ಕಕ್ಕೆ ಸರಿಸಿ ಮೊದಲಿಂದ ಕೊನೆಯವರೆಗೆ ಓದಿದ. ಮುಖ ಕೆಂಪಾಯಿತು. "ದೊಡ್ಡಮ್ಮ ಮೊದಲಿಂದಲೂ ಹಾಗೇ" ಅಂದು ಕೈ ತೊಳೆಯಲು ಎದ್ದ.

ಅವನ ಹೆಂಡತಿ ಪಾತ್ರೆ ತೊಳೆಯಲು ಹಿತ್ತಲಿಗೆ ನನ್ನ ಜೊತೆ ಬಂದಳು. ಅವಳು ತಿಕ್ಕಿ ಕೊಟ್ಟಳು, ನಾನು ತೊಳೆದೆ. ದೊಡ್ಡ ಕೊಳಗ ಒಂದು ಉಳಿದಾಗ ಅವಳು ಒಳಗೆ ಒಮ್ಮೆ ಇಣುಕಿ ನೋಡಿ, ಮೆಲ್ಲಗೆ ಕೇಳಿದಳು. "ಅಕ್ಕ, ನಮ್ಮ ಮನೆ ಯಾರ ಹೆಸರಲ್ಲಿದೆ ಅಂತ ನೋಡೋದು ಹೇಗೆ? ಯಾರನ್ನ ಕೇಳ್ಬೇಕು?"

ನಾನು ಇವಳನ್ನು ಕೂಗಿದೆ. ಇವಳು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾವಿಕಟ್ಟೆಯ ಮೇಲೆ ಅವಳ ಪಕ್ಕ ಕೂತು ಹೇಳಿಕೊಡಲು ಶುರುಮಾಡಿದಳು.